ತಾರೀಖು ತಪ್ಪದಿರಲಿ: ಬೆಂಗಳೂರಿನ ಗೃಹಸ್ಥರಿಗೊಂದು ಬಹಿರಂಗ ಪತ್ರ

ಮನೆಗೆಲಸದ ಹೆಂಗಸರ ನೆರವಿನಿಂದ ಸಂಸಾರ ಸಾಗಿಸುತ್ತಿರುವ ಬೆಂಗಳೂರಿನ ಗೃಹಸ್ಥರಿಗೂ ಗೃಹಿಣಿಯರಿಗೂ, ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘಗಳ ಪದಾಧಿಕಾರಿಗಳಿಗೂ,

ಮಾನ್ಯರೆ,

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸಿ ನಿವೃತ್ತಳಾಗಿ, ಈಗ ಜಯನಗರದ ಒಂದು ಹಳೆಯ ಮನೆಯಲ್ಲಿ ಕಾಲ ಕಳೆಯುತ್ತಿರುವ ನಾನು ತಮಗೆ ಬುದ್ಧಿ ಹೇಳುವ ಅಧಿಕಾರವನ್ನು ಪಡೆದವಳಲ್ಲ. ತಮ್ಮಲ್ಲಿ ಅನೇಕರಂತೆ ನಾನೂ ಬೆಳಗ್ಗೆ ಏಳೂವರೆಗೆ ಗೇಟಿನ ಸದ್ದಿಗೆ ಕಿವಿಗೊಟ್ಟು ಕುಳಿತಿರುವವಳು. ಎಂಟು ಹೊಡೆದರೂ ಆ ಸದ್ದು ಕೇಳಿಸದಿದ್ದಾಗ, ಸಿಂಕಿನಲ್ಲಿ ರಾಶಿಬಿದ್ದ ಮುಸುರೆಯನ್ನು ನೋಡಿ ಮನಸ್ಸನ್ನು ಕಹಿಮಾಡಿಕೊಂಡವಳು. ಹೀಗಿದ್ದೂ ಈ ಪತ್ರವನ್ನು ಬರೆಯಲು ತೊಡಗಿರುವುದಕ್ಕೆ ಕಾರಣ, ಎರಡು ವರ್ಷಗಳ ಕೆಳಗೆ ನನ್ನ ಕೈಯಿಂದಲೇ ನಡೆದುಹೋದ ಒಂದು ಲೋಪ. ಅದು ನನಗೆ ಕಲಿಸಿದುದನ್ನು ತಮ್ಮೊಡನೆ ಹಂಚಿಕೊಳ್ಳದೆ ಸುಮ್ಮನಿರುವುದು ಸರಿಯಲ್ಲವೆಂದು ತೋರಿದುದರಿಂದ, ತಮ್ಮ ಅಮೂಲ್ಯವಾದ ಕಾಲದಲ್ಲಿ ಸ್ವಲ್ಪ ಭಾಗವನ್ನು ಯಾಚಿಸುತ್ತಿದ್ದೇನೆ.

ನಾವು ನಾಲ್ವರು ಸೇರಿದೆಡೆಯಲ್ಲೆಲ್ಲ ಈ ಹೆಂಗಸರ ವಿಷಯವಾಗಿ ಕೇಳಿಬರುವ ಮಾತು ಬಹುಮಟ್ಟಿಗೆ ಒಂದೇ ತೆರನಾದುದು: ಅವರಿಗೆ ನಿಯಮವೆಂಬುದಿಲ್ಲ, ನಾಳೆಯ ಯೋಚನೆಯಿಲ್ಲ, ತಿಂಗಳು ತುಂಬುವ ಮೊದಲೇ ಮುಂಗಡ ಕೇಳುತ್ತಾರೆ, ಇನ್ನೂರು ರೂಪಾಯಿ ಹೆಚ್ಚಿಗೆ ಕೊಡುವ ಮನೆ ಸಿಕ್ಕಿದರೆ ಹೇಳದೆ ಕೇಳದೆ ಹೊರಟುಹೋಗುತ್ತಾರೆ. ಈ ಮಾತುಗಳನ್ನು ನಾನೂ ಆಡಿದ್ದೇನೆ. ಅವರ ಬದುಕಿನಲ್ಲಿ ಕ್ರಮವಿಲ್ಲವೆಂದೂ, ಕ್ರಮವೆಂಬುದು ಸಂಬಳದ ನೌಕರಿಯಲ್ಲಿದ್ದ ನಮ್ಮಂಥವರ ಸ್ವತ್ತೆಂದೂ ಮನಸಾರ ನಂಬಿದ್ದೆ.

ನಮ್ಮ ಮನೆಗೆ ಹನ್ನೊಂದು ವರ್ಷಗಳಿಂದ ಕೆಲಸಕ್ಕೆ ಬರುತ್ತಿರುವಾಕೆಯ ಹೆಸರನ್ನು ಇಲ್ಲಿ ಹೇಳುವುದು ಉಚಿತವಲ್ಲ. ಒಮ್ಮೆ ನನ್ನ ತಮ್ಮನ ಮಗಳ ಮದುವೆಗೆಂದು ಧಾರವಾಡಕ್ಕೆ ಹೋದವಳು, ನಾಲ್ಕು ದಿನದ ಪ್ರಯಾಣವನ್ನು ಬಂಧುಗಳ ಒತ್ತಾಯಕ್ಕೆ ಹನ್ನೆರಡು ದಿನಕ್ಕೆ ಬೆಳೆಸಿ, 5ನೆಯ ತಾರೀಖಿಗೆ ಕೊಡಬೇಕಾಗಿದ್ದ ಸಂಬಳವನ್ನು 13ಕ್ಕೆ ಕೊಟ್ಟೆ. ಫೋನಿನ ಮೂಲಕ ಹಣ ಕಳುಹಿಸುವ ಬಗೆ ನನಗೆ ತಿಳಿಯದ್ದೇನಲ್ಲ. ಕಳುಹಿಸಬೇಕೆಂಬುದೇ ನೆನಪಿಗೆ ಬರಲಿಲ್ಲ. ಹಿಂದಿರುಗಿ ಬಂದ ದಿನ ಆಕೆಯ ಕಿವಿ ಬರಿದಾಗಿತ್ತು. ತೂತು ಮುಚ್ಚಿಕೊಳ್ಳದಿರಲೆಂದು ಒಂದೊಂದು ಬೇವಿನ ಕಡ್ಡಿಯ ಚೂರನ್ನು ಸಿಕ್ಕಿಸಿಕೊಂಡಿದ್ದಳು. ಏನೆಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಕೆಲವು ವಾರಗಳ ತರುವಾಯ ಆಕೆ ಜ್ವರದಿಂದ ಮಲಗಿದ್ದಾಗ, ಮಾತ್ರೆ ಹಣ್ಣುಗಳನ್ನು ಹಿಡಿದುಕೊಂಡು ಬನಶಂಕರಿಯ ಆಚೆ ವಠಾರವೊಂದರಲ್ಲಿದ್ದ ಆಕೆಯ ಮನೆಗೆ ಮೊದಲ ಬಾರಿ ಹೋದೆ. ಒಂದು ಕೋಣೆ, ಅದರ ಮೂಲೆಯಲ್ಲಿ ಅಡುಗೆಯ ಕಟ್ಟೆ, ಮೇಲೆ ತಗಡಿನ ಮಾಡು. ಗೋಡೆಯ ಮೇಲೆ ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರೊಂದು ತೂಗುತ್ತಿತ್ತು. ಅಕ್ಷರ ಬಾರದಿದ್ದರೂ ಅಂಕಿಗಳನ್ನು ಬಲ್ಲ ಆಕೆ, ಮಗಳ ಬಣ್ಣದ ಪೆನ್ನುಗಳಿಂದ ಅದರ ತುಂಬ ಸುತ್ತು ಹಾಕಿದ್ದಳು. ಹಣ ಬರುವ ದಿನಕ್ಕೆ ಹಸಿರು, ಕೊಡಬೇಕಾದ ದಿನಕ್ಕೆ ಕೆಂಪು. ಹಸಿರು ನಾಲ್ಕು ಕಡೆ ಇತ್ತು, ಏಕೆಂದರೆ ಆಕೆ ದುಡಿಯುವುದು ನಾಲ್ಕು ಮನೆಗಳಲ್ಲಿ. ಕೆಂಪು ಎಂಟು ಹತ್ತು ಕಡೆ ಇತ್ತು. ಹಸಿರಿನ ಬೆನ್ನಿಗೆ ಒಂದೋ ಎರಡೋ ದಿನ ಬಿಟ್ಟು ಕೆಂಪು ಬರುವಂತೆ ಇಡೀ ತಿಂಗಳನ್ನು ಜೋಡಿಸಲಾಗಿತ್ತು. 5ನೆಯ ತಾರೀಖಿನ ಹಸಿರು ಸುತ್ತಿನೊಳಗೆ ಮಾತ್ರ ಒಂದು ಕಪ್ಪು ಚುಕ್ಕೆಯಿತ್ತು. ಅದೇನೆಂದು ಕೇಳಿದೆ.

“ಅದು ನಿಮ್ಮನೇದು ಅಮ್ಮಾ. ಬಂದ್ರೆ ಬಂತು, ಬರದಿದ್ರೆ ಇಲ್ಲ ಅಂತ ಗುರುತು ಮಾಡ್ಕೊಂಡೆ,” ಎಂದಳು. ದನಿಯಲ್ಲಿ ಆಕ್ಷೇಪಣೆಯ ಲೇಶವೂ ಇರಲಿಲ್ಲ. “ಆ ತಿಂಗಳು ಆರಕ್ಕೆ ಚೀಟಿ ಕಟ್ಟಬೇಕಿತ್ತು, ಓಲೆ ಗಿರವಿ ಇಟ್ಟೆ. ಚೀಟಿ ತಪ್ಪಿದ್ರೆ ಮಾತು ಹೋಗ್ತದೆ.”

ಮಾನ್ಯರೆ, ಮೂವತ್ತೊಂದು ವರ್ಷ ಲೆಕ್ಕ ಹೇಳಿಕೊಟ್ಟ ನನಗೆ ಆ ಗೋಡೆಯ ಮೇಲಿದ್ದ ಲೆಕ್ಕವನ್ನು ಅರ್ಥಮಾಡಿಕೊಳ್ಳಲು ಕೆಲವು ತಿಂಗಳುಗಳೇ ಬೇಕಾದುವು. ಆಕೆಯ ಚೀಟಿಯ ಕ್ರಮವನ್ನೇ ನೋಡಿರಿ. ಇಪ್ಪತ್ತು ಮಂದಿ ಹೆಂಗಸರು ತಿಂಗಳಿಗೆ ತಲಾ 2,000 ರೂಪಾಯಿ ಕಟ್ಟುತ್ತಾರೆ. ಕೂಡುವ ಮೊತ್ತ 40,000. ಮಗುವಿನ ಕಾಲೇಜಿನ ಶುಲ್ಕಕ್ಕೋ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಗೋ ಆ ತಿಂಗಳು ಹಣ ತೀರ ಅಗತ್ಯವಾದವಳು 6,000 ಬಿಟ್ಟುಕೊಟ್ಟು 34,000ಕ್ಕೆ ಚೀಟಿ ಎತ್ತಿದಳೆಂದರೆ, ಬಿಟ್ಟ ಹಣ ಇಪ್ಪತ್ತು ಮಂದಿಗೂ ತಲಾ 300ರಂತೆ ಹಂಚಿಹೋಗುತ್ತದೆ. ಅವಸರವಿಲ್ಲದವಳು ಕೊನೆಯವರೆಗೆ ಕಾದು ಹೆಚ್ಚು ಪಡೆಯುತ್ತಾಳೆ. ಅಡಮಾನವಿಲ್ಲದೆ, ಅರ್ಜಿಯಿಲ್ಲದೆ, ಸಾಲವೂ ಉಳಿತಾಯವೂ ಒಂದೇ ಆಗಿ ನಡೆಯುವ ಈ ಏರ್ಪಾಡಿಗೆ ಮಾತಿನ ಹೊರತು ಬೇರೆ ಆಧಾರವಿಲ್ಲ. ಒಮ್ಮೆ ಕಂತು ತಪ್ಪಿದವಳಿಗೆ ಮುಂದಿನ ಚೀಟಿಯಲ್ಲಿ ಸ್ಥಾನ ದೊರೆಯುವುದು ಕಷ್ಟ. ಆಕೆ ಓಲೆಯನ್ನು ಒತ್ತೆಯಿಟ್ಟುದು ಎರಡು ಸಾವಿರ ರೂಪಾಯಿಗಾಗಿ ಎಂದು ನಾನು ಮೊದಲು ತಿಳಿದಿದ್ದೆ. ಇಟ್ಟುದು ಹತ್ತೊಂಬತ್ತು ಮಂದಿಯ ಎದುರು ತನ್ನ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ.

ಸ್ವಸಹಾಯ ಸಂಘದ ಸಾಲವೂ ಹೀಗೆಯೇ. ಒಬ್ಬಳು ವಾರದ ಕಂತನ್ನು ಕಟ್ಟದಿದ್ದರೆ ಆ ಹೊರೆ ಉಳಿದವರ ತಲೆಯ ಮೇಲೆ ಬೀಳುತ್ತದೆ. ಅಂದಿನ ಸಭೆಯಲ್ಲಿ ಆಕೆ ತಲೆಯೆತ್ತಿ ಕೂರಲಾರಳು. ಸಂಘದಲ್ಲಿ ಸಿಕ್ಕದವರು ಕಿರುಸಾಲದ ಸಂಸ್ಥೆಗಳ ಕಡೆ ಹೋಗುತ್ತಾರೆ. ಅಲ್ಲಿಯ ವಸೂಲಿಯ ಕ್ರೌರ್ಯ ಎಷ್ಟಕ್ಕೆ ಮುಟ್ಟಿತೆಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮನೆಯ ವಿಷಯವೂ ಬೇರೆಯಲ್ಲ. ತಿಂಗಳ ಬಾಡಿಗೆಯ ಕಾಟ ತಪ್ಪಲೆಂದು ಒಂದೆರಡು ಲಕ್ಷವನ್ನು ಹೇಗೋ ಕೂಡಿಹಾಕಿ, ಮೂರು ವರ್ಷದ ಅವಧಿಗೆ ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುತ್ತಾರೆ. ಅವಧಿ ತೀರಿದ ದಿನ ಮಾಲೀಕನು ಆ ಹಣವನ್ನು ಹಿಂದಿರುಗಿಸಿದರೆ ಮುಂದಿನ ಮನೆ, ಇಲ್ಲವಾದರೆ ಬೀದಿ. ಹೀಗೆ ನಾಳೆಯ ಯೋಚನೆಯಿಲ್ಲದವರೆಂದು ನಾವು ಹೇಳುವ ಈ ಸಂಸಾರಗಳು ವಸ್ತುತಃ ಬರಿಯ ನಾಳೆಯ ಯೋಚನೆಯಿಂದಲೇ ಕಟ್ಟಲ್ಪಟ್ಟಿವೆ. ಅವುಗಳ ಒಂದೊಂದು ಕಲ್ಲೂ ಒಂದೊಂದು ತಾರೀಖು.

ಇನ್ನು, ಈ ಜನ ಹಳೆಯದಕ್ಕೇ ಅಂಟಿಕೊಂಡವರು, ಕಾಲಕ್ಕೆ ತಕ್ಕಂತೆ ಬದಲಾಗಲಾರರು ಎಂಬ ಮಾತನ್ನೂ ಕೇಳಿದ್ದೇನೆ. ಆ ಒಂದು ಮನೆಯ ಎರಡು ಮೂರು ತಲೆಮಾರುಗಳ ಚರಿತ್ರೆಯನ್ನು ಹೇಳುತ್ತೇನೆ, ತಾವೇ ನಿರ್ಣಯಿಸಿರಿ. ಆಕೆಯ ಅತ್ತೆಮಾವಂದಿರು ಮಳೆಯಿಲ್ಲದೆ ಕಡಲೆಕಾಯಿಯ ಬೆಳೆ ಕೈಕೊಟ್ಟ ವರ್ಷ ಪಾವಗಡದ ಸೀಮೆಯಿಂದ ಇಲ್ಲಿಗೆ ಬಂದವರು. ಮಾವ ಗಾರೆ ಕೆಲಸಕ್ಕೆ ಸೇರಿದ. ಅತ್ತೆ ಮನೆಯಲ್ಲೇ ಕುಳಿತು ಮಣೆಯ ಮೇಲೆ ಇದ್ದಿಲ ಪುಡಿಯ ಮಸಾಲೆಯನ್ನು ಬಿದಿರ ಕಡ್ಡಿಗೆ ಹೊಸೆದು, ಸಾವಿರಕ್ಕೆ ಇಷ್ಟೆಂಬ ಲೆಕ್ಕದಲ್ಲಿ ಊದುಬತ್ತಿ ಮಾಡಿಕೊಟ್ಟಳು. ದೇವರ ಮುಂದೆ ನಾವು ಹಚ್ಚುವ ಬತ್ತಿಯ ಸುವಾಸನೆಯ ಹಿಂದೆ ಇಂಥ ಎಷ್ಟೋ ಕಪ್ಪು ಅಂಗೈಗಳಿದ್ದುವು. ಯಂತ್ರಗಳು ಬಂದುವು, ಹೊರದೇಶದಿಂದ ಅಗ್ಗದ ಕಚ್ಚಾ ಬತ್ತಿಯೂ ಬಂದಿತು. ಕೈಯಿಂದ ಹೊಸೆಯುವವರಿಗೆ ಬೇಡಿಕೆ ಕುಗ್ಗಿತು.

ಸೊಸೆ ಹದಿನೆಂಟನೆಯ ವಯಸ್ಸಿಗೆ ಗಾರ್ಮೆಂಟ್ಸ್ ಕಾರ್ಖಾನೆಯನ್ನು ಸೇರಿದಳು. ಮೊದಲು ಹೆಲ್ಪರ್, ಆಮೇಲೆ ಟೈಲರ್. ಗಂಟೆಗೆ ಇಷ್ಟು ತುಂಡೆಂಬ ಗುರಿಯನ್ನು ಮುಟ್ಟದಿದ್ದರೆ ಮೇಲ್ವಿಚಾರಕರ ಬಯ್ಗಳು. ಎರಡನೆಯ ಮಗುವಾದಾಗ ನೋಡಿಕೊಳ್ಳುವವರಿಲ್ಲದೆ ಕೆಲಸ ಬಿಟ್ಟು, ಕೈಗೆ ಬಂದ ಭವಿಷ್ಯನಿಧಿಯ ಹಣವನ್ನು ಮನೆಯ ಭೋಗ್ಯಕ್ಕೆ ಹಾಕಿದಳು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದುದು ತಮಗೆ ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷವಾಗುವವರೆಗೆ ತೆಗೆಯಕೂಡದೆಂಬ ಹೊಸ ನಿಯಮ ಬಂದಿತ್ತು. ಎರಡು ದಿನಗಳ ಪ್ರತಿಭಟನೆಯ ತರುವಾಯ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಅಂದು ಸಂಚಾರ ನಿಂತುಹೋದುದಕ್ಕೆ ನಾನು ಬೇಸರಪಟ್ಟಿದ್ದೆ. ಇಂತಿಂಥ ದಿನಕ್ಕೆಂದು ಎಣಿಸಿಟ್ಟಿದ್ದ ಹಣ ಆ ದಿನಕ್ಕೆ ದೊರೆಯದೆಂದು ತಿಳಿದಾಗ ಇಡೀ ಸಂಸಾರದ ಲೆಕ್ಕವೇ ಕುಸಿಯುತ್ತದೆಂಬುದು ಆ ಕ್ಯಾಲೆಂಡರನ್ನು ನೋಡುವವರೆಗೆ ನನಗೆ ಅರ್ಥವಾಗಿರಲಿಲ್ಲ.

ಕಾರ್ಖಾನೆ ಬಿಟ್ಟ ಮೇಲೆ ಆಕೆ ಮನೆಗೆಲಸಕ್ಕೆ ಬಂದಳು. ಬಟ್ಟೆ ಒಗೆಯುವ ಯಂತ್ರ ಮನೆಮನೆಗೂ ಬಂದು ಒಗೆತದ ಸಂಬಳ ಕಡಿಮೆಯಾದಾಗ ಅಡುಗೆಯನ್ನು ಹಿಡಿದಳು. ಉತ್ತರದ ಕಡೆಯಿಂದ ಬಂದವರ ಅಪಾರ್ಟ್‌ಮೆಂಟಿನಲ್ಲಿ ಫುಲ್ಕಾ, ಪರಾಠಗಳನ್ನು ಕಲಿತಳು. ಅವರೊಡನೆ ಮಾತನಾಡುತ್ತ ಹಿಂದಿಯನ್ನೂ ಕಲಿತಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸಿನ ಪ್ರಯಾಣ ಉಚಿತವಾದೊಡನೆಯೇ, ದೂರವೆಂದು ಬಿಟ್ಟಿದ್ದ ಒಂದು ಮನೆಯನ್ನು ಒಪ್ಪಿಕೊಂಡಳು. ಗಂಡ ಮನೆಗಳಿಗೆ ಬಣ್ಣ ಬಳಿಯುತ್ತಾನೆ, ಮಳೆಗಾಲದಲ್ಲಿ ಕೆಲಸವಿಲ್ಲ. ಮಗ ಕಂತಿನ ಮೇಲೆ ಬೈಕು ಕೊಂಡು ಊಟದ ಪೊಟ್ಟಣಗಳನ್ನು ಮನೆಗಳಿಗೆ ತಲುಪಿಸುತ್ತಾನೆ. ಮಗಳು ಬಿ.ಕಾಂ. ಓದುತ್ತ, ರಾತ್ರಿ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಾಳೆ. ನಾನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಲಿತ ಒಂದೇ ವೃತ್ತಿಯನ್ನು ನೆಚ್ಚಿಕೊಂಡು ನಿವೃತ್ತಿಯವರೆಗೆ ಬದುಕಿದೆ. ಆ ಸಂಸಾರವು ಅದೇ ಅವಧಿಯಲ್ಲಿ ಆರೇಳು ವೃತ್ತಿಗಳನ್ನು ಕಲಿತಿತು, ಒಂದನ್ನು ಕಾಲ ಕಸಿದುಕೊಂಡಾಗಲೆಲ್ಲ ಮತ್ತೊಂದನ್ನು ಹುಡುಕಿಕೊಂಡಿತು. ಬದಲಾವಣೆಗೆ ಹೊಂದಿಕೊಳ್ಳುವ ಶಕ್ತಿ ಅವರಲ್ಲಿ ಇಲ್ಲವೆಂದು ಯಾರು ತಾನೆ ಹೇಳಬಲ್ಲರು?

ಅವರಲ್ಲಿ ಇಲ್ಲದಿರುವುದು ನಿಶ್ಚಿತತೆ. ಅದನ್ನು ಅವರು ತಾವಾಗಿ ಉತ್ಪಾದಿಸಿಕೊಳ್ಳಲಾರರು. ಅದು ಅವರಿಗೆ ಹೊರಗಿನಿಂದ, ನಮ್ಮಂಥವರಿಂದ, ಬರಬೇಕಾದ ವಸ್ತು. ನಾವೋ ಹಬ್ಬಕ್ಕೆ ಸೀರೆ ಕೊಡುತ್ತೇವೆ, ಮಿಕ್ಕ ಅನ್ನಸಾರುಗಳನ್ನು ಕೊಡುತ್ತೇವೆ, ಮಗುವಿನ ಪುಸ್ತಕಕ್ಕೆಂದು ಐನೂರು ಕೊಡುತ್ತೇವೆ. ಅದೇ ತಿಂಗಳು ಎರಡು ದಿನ ಬರಲಿಲ್ಲವೆಂದು ಸಂಬಳವನ್ನು ಮುರಿದುಕೊಳ್ಳುತ್ತೇವೆ, ಊರಿಗೆ ಹೋಗುವಾಗ ಹದಿನೈದು ದಿನದ ಸಂಬಳವನ್ನು ನಿಲ್ಲಿಸುತ್ತೇವೆ. ಕೊಟ್ಟುದೂ ನಮ್ಮ ಮನಸ್ಸು ಬಂದಂತೆ, ಹಿಡಿದುದೂ ನಮ್ಮ ಮನಸ್ಸು ಬಂದಂತೆ. ಮನಸ್ಸು ಬಂದಂತೆ ಬರುವ ಔದಾರ್ಯದ ಮೇಲೆ ಯಾವ ತಾಯಿಯೂ ಕ್ಯಾಲೆಂಡರಿನಲ್ಲಿ ಹಸಿರು ಸುತ್ತು ಹಾಕಲಾರಳು.

2020ರ ಮಾರ್ಚ್ 24ರ ರಾತ್ರಿ ದೇಶವೆಲ್ಲ ಮುಚ್ಚಿಕೊಂಡಾಗ ಇದನ್ನು ಕಣ್ಣಾರೆ ಕಂಡೆ. ನಮ್ಮ ಬೀದಿಯ ಕೆಲವು ಮನೆಗಳವರು ಅಕ್ಕಿ ಬೇಳೆಗಳ ಚೀಲಗಳನ್ನು ಹಂಚಿದರು. ಅದು ಒಳ್ಳೆಯ ಕೆಲಸವೇ. ಆದರೆ ಆಕೆ ಇಂದಿಗೂ ನೆನೆಯುವುದು ಆ ಚೀಲಗಳನ್ನಲ್ಲ. ಮೂರು ತಿಂಗಳು ಕೆಲಸಕ್ಕೆ ಬರಬೇಡವೆಂದು ಹೇಳಿಯೂ, ಹಿಂದೆ ಕೊಡುತ್ತಿದ್ದ ತಾರೀಖಿಗೇ ಪೂರ್ತಿ ಸಂಬಳ ಕಳುಹಿಸಿದ ಒಂದೇ ಒಂದು ಮನೆಯನ್ನು. ಆ ಮನೆ ನಮ್ಮದಾಗಿರಲಿಲ್ಲ. ನಾನು ಅರ್ಧ ಸಂಬಳ ಕೊಟ್ಟು ಉಪಕಾರ ಮಾಡಿದೆನೆಂದು ತೃಪ್ತಳಾಗಿದ್ದೆ.

ನ್ಯಾಯದ ದೃಷ್ಟಿಯಿಂದ ನೋಡಿದರೂ ನಾನು ಹೇಳುತ್ತಿರುವುದು ಹೊಸತೇನಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಮೊತ್ತಮೊದಲಿಗೆ ಗೊತ್ತುಪಡಿಸಿದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಅದು 2004ರಷ್ಟು ಹಿಂದಿನ ಮಾತು. 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಅಂಗೀಕರಿಸಿದ 189ನೆಯ ಒಡಂಬಡಿಕೆಯು, ಮನೆಗೆಲಸದವರಿಗೆ ವಾರಕ್ಕೊಮ್ಮೆ ಎಡೆಬಿಡದ 24 ಗಂಟೆಗಳ ವಿಶ್ರಾಂತಿ ಸಲ್ಲಬೇಕೆಂದು ಹೇಳಿತು. ಭಾರತವು ಅದರ ಪರವಾಗಿ ಮತ ನೀಡಿದರೂ ಇನ್ನೂ ಅನುಮೋದಿಸಿಲ್ಲ. ಉದ್ಯೋಗಸ್ಥಳದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳವಾಗದಂತೆ ತಡೆಯುವ 2013ರ ಕಾಯಿದೆಯು ಮನೆಯನ್ನೂ ಉದ್ಯೋಗಸ್ಥಳವೆಂದೇ ಎಣಿಸಿದೆ. 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಇವರಿಗಾಗಿ ಪ್ರತ್ಯೇಕ ಕಾನೂನಿನ ಚೌಕಟ್ಟನ್ನು ಪರಿಶೀಲಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಕಾನೂನು ಬರಲಿ, ಬರಲೇಬೇಕು. ಆದರೆ ಅಡುಗೆಮನೆಯ ಒಳಗೆ ಇನ್‌ಸ್ಪೆಕ್ಟರರು ಬಂದು ನೋಡುವುದು ವಿರಳ. ಅಲ್ಲಿ ಮಾಲೀಕರೂ ನಾವೇ, ಮೇಲ್ವಿಚಾರಕರೂ ನಾವೇ, ನ್ಯಾಯಾಧೀಶರೂ ನಾವೇ. ಆದುದರಿಂದ ಕಾನೂನಿಗಿಂತ ಮುಂಚೆ ತಮ್ಮಲ್ಲಿಗೆ ಬಂದಿದ್ದೇನೆ.

ತಮ್ಮಲ್ಲಿ ಕೆಲವರು, ನಮಗೂ ಮನೆಯ ಸಾಲವಿಲ್ಲವೆ, ನಮ್ಮ ನೌಕರಿಯೇ ನಿಶ್ಚಿತವೆ ಎಂದು ಕೇಳಬಹುದು. ಆ ಮಾತಿನಲ್ಲಿ ಸತ್ಯವಿದೆ. ನಗರದ ನೌಕರಿಗಳು ಹಿಂದಿನಷ್ಟು ಭದ್ರವಾಗಿಲ್ಲವೆಂಬುದನ್ನು ನನ್ನ ಮಕ್ಕಳಿಂದ ಕೇಳಿ ಬಲ್ಲೆ. ಆದರೆ ನಮ್ಮ ಸಂಬಳ ಎಂಟು ದಿನ ತಡವಾದರೆ ಬ್ಯಾಂಕಿನಲ್ಲಿ ಕೂಡಿಟ್ಟ ಅಷ್ಟಿಷ್ಟು ಹಣ ನಮ್ಮನ್ನು ಕಾಯುತ್ತದೆ. ಅವರನ್ನು ಕಾಯುವುದು ಕಿವಿಯ ಓಲೆ. ಮತ್ತೆ ಕೆಲವರು, ಅವರೂ ಹೇಳದೆ ಕೆಲಸ ಬಿಡುತ್ತಾರಲ್ಲ ಎನ್ನಬಹುದು. ಬಿಡುವವರುಂಟು, ಅದರಿಂದಾಗುವ ತೊಂದರೆಯನ್ನು ನಾನೂ ಉಂಡಿದ್ದೇನೆ. ಆದರೆ ಒಂದು ತಿಂಗಳ ಮುನ್ಸೂಚನೆಯಿಲ್ಲದೆ ಬಿಡಿಸುವುದು ನಮ್ಮಲ್ಲಿ ರೂಢಿಯಾಗಿರುವಾಗ, ಮುನ್ಸೂಚನೆ ಕೊಟ್ಟು ಬಿಡಬೇಕೆಂಬ ಧರ್ಮವನ್ನು ಅವರೊಬ್ಬರೇ ಪಾಲಿಸಲೆಂದು ಬಯಸುವುದು ಸಾಧುವೆ?

ಆದುದರಿಂದ ನನ್ನ ಕೋರಿಕೆಗಳನ್ನು ಕ್ರಮವಾಗಿ ನಿವೇದಿಸುತ್ತೇನೆ. ಮೊದಲನೆಯದು, ಸಂಬಳಕ್ಕೆ ಒಂದು ತಾರೀಖನ್ನು ಗೊತ್ತುಮಾಡಿ ಅದನ್ನು ಎಂದಿಗೂ ತಪ್ಪಿಸದಿರಿ. ಊರಿಗೆ ಹೋಗುವುದಿದ್ದರೆ ಹೋಗುವ ಮುನ್ನವೇ ಕೊಡಿರಿ. ಎರಡನೆಯದು, ವಾರಕ್ಕೊಂದು ದಿನ ಸಂಬಳಸಹಿತ ರಜೆ ಕೊಡಿರಿ. ನಾವು ಊರಲ್ಲಿಲ್ಲದ ದಿನಗಳಿಗೆ ಸಂಬಳವನ್ನು ಮುರಿಯಬೇಡಿರಿ, ಏಕೆಂದರೆ ಆ ದಿನಗಳಲ್ಲಿ ಅವರ ಬಾಡಿಗೆಯೇನೂ ನಿಲ್ಲುವುದಿಲ್ಲ. ಮೂರನೆಯದು, ಯಾವ ಯಾವ ಕೆಲಸ, ಎಷ್ಟು ಸಂಬಳ, ಎಷ್ಟು ರಜೆ, ವರ್ಷಕ್ಕೆ ಎಷ್ಟು ಏರಿಕೆ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೋ ಅವರು ಬಲ್ಲ ಭಾಷೆಯಲ್ಲಿಯೋ ಬರೆದು, ಓದಿ ಹೇಳಿ, ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿರಿ. ನಾಲ್ಕನೆಯದು, ಮುಂಗಡ ಕೊಟ್ಟರೆ ತಿಂಗಳಿಗೆ ಇಷ್ಟೆಂದು ಮೊದಲೇ ಮಾತನಾಡಿ ಮುರಿದುಕೊಳ್ಳಿರಿ, ಒಮ್ಮೆಲೇ ಹಿಡಿಯಬೇಡಿರಿ. ಐದನೆಯದು, ಬಿಡಿಸಬೇಕಾದರೆ ಒಂದು ತಿಂಗಳು ಮುಂಚೆ ತಿಳಿಸಿರಿ, ಇಲ್ಲವೆ ಒಂದು ತಿಂಗಳ ಸಂಬಳ ಕೊಟ್ಟು ಕಳುಹಿಸಿರಿ. ಆರನೆಯದು, 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನು ಅವರು ಮಾಡಿಸಿಕೊಂಡಿದ್ದಾರೆಯೆ ಎಂದು ವಿಚಾರಿಸಿ, ಇಲ್ಲವಾದರೆ ಒಂದು ಸಂಜೆ ಜೊತೆಯಲ್ಲಿ ಕುಳಿತು ಮಾಡಿಸಿಕೊಡಿರಿ.

ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿಶೇಷವಾದ ಪ್ರಾರ್ಥನೆಯೊಂದಿದೆ. ಗೇಟಿನಲ್ಲಿ ಅವರ ಚೀಲ ತೆರೆಸಿ ನೋಡುವ ಪದ್ಧತಿಯನ್ನೂ, ಅವರಿಗೆ ಬೇರೆ ಲಿಫ್ಟನ್ನು ತೋರಿಸುವ ಪದ್ಧತಿಯನ್ನೂ ದಯವಿಟ್ಟು ನಿಲ್ಲಿಸಿರಿ. ಎರಡು ಮನೆಗಳ ಕೆಲಸದ ನಡುವೆ ಅವರು ಕುಳಿತು ಬುತ್ತಿ ಉಣ್ಣಲು ಒಂದು ಕೋಣೆ, ಶುಚಿಯಾದ ಒಂದು ಶೌಚಾಲಯ, ಕುಡಿಯುವ ನೀರು: ಈಜುಕೊಳವನ್ನು ಕಟ್ಟಬಲ್ಲ ಆವರಣಗಳಿಗೆ ಇಷ್ಟು ಭಾರವಾಗಲಾರದು. ಇಂಥವರಿಗೆ ಇಷ್ಟಕ್ಕಿಂತ ಹೆಚ್ಚು ಸಂಬಳ ಕೊಡಬಾರದೆಂಬ ಕಟ್ಟುಪಾಡು ಎಲ್ಲಿಯಾದರೂ ಇದ್ದರೆ ಅದನ್ನು ಮೊದಲು ತೆಗೆದುಹಾಕಿರಿ.

ಇವುಗಳಲ್ಲಿ ಯಾವುದೂ ತ್ಯಾಗವಲ್ಲ; ನೌಕರಿಯಲ್ಲಿದ್ದಾಗ ನಾನು ಹಕ್ಕೆಂದು ಎಣಿಸಿಕೊಂಡಿದ್ದ ಸಾಮಾನ್ಯ ಸಂಗತಿಗಳು. ನಾನು ಇವನ್ನೆಲ್ಲ ಮೊದಲ ದಿನವೇ ಪಾಲಿಸಿದೆನೆಂದು ಹೇಳುವುದಿಲ್ಲ. ಭಾನುವಾರದ ರಜೆಗೆ ಮನೆಯವರೆಲ್ಲ ಒಗ್ಗಿಕೊಳ್ಳಲು ಒಂದು ವರ್ಷ ಹಿಡಿಯಿತು. ತಾರೀಖನ್ನು ಮಾತ್ರ ಅಂದಿನಿಂದ ಒಮ್ಮೆಯೂ ತಪ್ಪಿಸಿಲ್ಲ. ಕಳೆದ ಸಂಕ್ರಾಂತಿಗೆ ಎಳ್ಳು ಬೀರಲು ಆಕೆಯ ಮನೆಗೆ ಹೋದಾಗ, ಗೋಡೆಯ ಮೇಲೆ ಹೊಸ ವರ್ಷದ ಕ್ಯಾಲೆಂಡರು ಬಂದಿತ್ತು; ಕೆಂಪು ಹಸಿರು ಸುತ್ತುಗಳು ಎಂದಿನಂತೆ ಸಾಲಾಗಿದ್ದುವು. ಅದರ ವಿಷಯವಾಗಿ ನಾವಿಬ್ಬರೂ ಏನನ್ನೂ ಮಾತನಾಡಲಿಲ್ಲ. 5ನೆಯ ತಾರೀಖಿನ ಹಸಿರು ಸುತ್ತಿನೊಳಗೆ ಚುಕ್ಕೆಯಿರಲಿಲ್ಲ.

ತಮ್ಮ ತಮ್ಮ ಮನೆಗಳಿಗೆ ಬರುವವರ ಗೋಡೆಯ ಮೇಲೆಯೂ ಆ ಚುಕ್ಕೆ ಇಲ್ಲದಂತಾಗಲೆಂದು ಹಾರೈಸುತ್ತ, ನನ್ನ ಮಾತಿನಲ್ಲಿ ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಕ್ಷಮೆಯನ್ನು ಬೇಡುತ್ತ, ಈ ಪತ್ರವನ್ನು ಮುಗಿಸುತ್ತೇನೆ.

ಇತಿ,
ತಮ್ಮ ವಿಶ್ವಾಸದ,
ನಿವೃತ್ತ ಶಿಕ್ಷಕಿ
ಜಯನಗರ, ಬೆಂಗಳೂರು